ಬಣ್ಣ ಬಂದರೆ ನಿಲ್ಲಿಸಬೇಕು

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಭವಾನಿಯಕ್ಕ ಕಾಸರಗೋಡಿನವರು. ಇಲ್ಲೇ ಹತ್ತಿರದ ಏಲೂರಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದರೂ ಲ್ಯಾಬು ಅವರನ್ನು ಬಿಟ್ಟಿಲ್ಲ. ಅವರ ಮನೆಯಲ್ಲಿ ಉಪ್ಪಿನ ಡಬ್ಬಿಗೂ ತಾರೀಕಿನ ಚೀಟಿ. ಸಕ್ಕರೆ ಕೇಳಲು ಹೋದರೆ ಮೊದಲು ನನ್ನ ಲೋಟ ಒಣಗಿದೆಯೇ ಎಂದು ನೋಡುತ್ತಾರೆ. ನನಗೆ ಮೈ ಉರಿಯುತ್ತದೆ.

ಅವರ ಮಗಳು ಅಪೇಕ್ಷಾಳ ಕಚೇರಿ ತಿರುವನಂತಪುರದ ಪಟ್ಟಂನಲ್ಲಿ. ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ಅಮ್ಮನ ಬಳಿ ಬಿಟ್ಟು ಅಲ್ಲಿ ಹಾಸ್ಟೆಲ್ ಸೇರಿ, ವಾರಕ್ಕೊಮ್ಮೆ ಬರುತ್ತಾಳೆ. ರಜೆಯಲ್ಲಿ ಹಿಂಡಿ ಕೂಡಿಟ್ಟ ಎದೆಹಾಲನ್ನು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್-ಡ್ರೈ ಮಾಡಿಸಿ, ಪುಡಿಯ ಪೊಟ್ಟಣಗಳನ್ನು ಅಮ್ಮನಿಗೆ ಒಪ್ಪಿಸಿದ್ದಳು. ಕೊಚ್ಚಿಗೆ ವರ್ಗವಾಗುವವರೆಗೆ ಮಗು ಸುಜನ್‌ಗೆ ಅದು ಸಾಲಬೇಕು.

"ಒಂದು ಚಮಚ ಸಹ ಹಾಳಾಗ್ಲಿಕ್ಕೆ ಬಿಡುದಿಲ್ಲ," ಎಂದು ಭವಾನಿಯಕ್ಕ ಮಾತು ಕೊಟ್ಟಿದ್ದರು.

ಪುಡಿಯಾದ ಮಾತ್ರಕ್ಕೆ ಕ್ರಿಮಿಗಳು ಸತ್ತಿರುವುದಿಲ್ಲ ಎಂದು ಮಕ್ಕಳ ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ಪೊಟ್ಟಣಗಳು ಒಲೆಯಿಂದ ದೂರ, ಬೆಳಕು ಬೀಳದ ತಣ್ಣನೆಯ ಕಪಾಟಿನಲ್ಲಿ. ಹಳೆಯ ತಾರೀಕಿನದು ಮೊದಲು. ಕೈ ತೊಳೆದು, ಕುದಿಸಿ ಒಣಗಿಸಿದ ಬಾಟಲಿಗೆ ಪುಡಿ ಹಾಕಿ, ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರು ಬೆರೆಸಬೇಕು. ಮಗು ಕುಡಿದು ಬಿಟ್ಟದ್ದನ್ನು ಮತ್ತೆ ಕೊಡುವಂತಿಲ್ಲ.

ನೀರನ್ನು ದಿನವೂ ಅವರೇ ಕುದಿಸುತ್ತಿದ್ದರು. ಕಳೆದ ಬುಧವಾರ ಮಂಡಿನೋವೆಂದು, ಹೊಸದಾಗಿ ಕೆಲಸಕ್ಕೆ ಬಂದ ಮೇರಿಗೆ ಕುಡಿಯುವ ನೀರು ಕುದಿಸಿ ಆರಿಸಿಡಲು ಮಲಯಾಳದಲ್ಲಿ ಹೇಳಿದರು. ಎಡವಟ್ಟಾದದ್ದು ಅಲ್ಲೇ. ಇಲ್ಲಿಯವರಿಗೆ ಕುಡಿಯುವ ನೀರೆಂದರೆ ನೀರಿಗೆ ಗುಲಾಬಿ ಬಣ್ಣ ಕೊಡುವ ಪದಿಮುಗಂ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಭವಾನಿಯಕ್ಕ ನನ್ನೆದುರೇ ಕೆಟಲಿನಿಂದ ಬಗ್ಗಿಸಿದ್ದೇ ತಡ, ಬಾಟಲಿಯ ಹಾಲೆಲ್ಲ ಗುಲಾಬಿಯಾಯಿತು. ಸುಜನ್ ಹಸಿದು ಕಿರುಚುತ್ತಿದ್ದ.

"ಎಲ್ರೂ ಕುಡಿಯೋ ನೀರೇ ಅಲ್ವಾ ಅಕ್ಕ, ಕೊಟ್ಬಿಡಿ," ಎಂದೆ ನಾನು, ಬುದ್ಧಿಯಿಲ್ಲದವಳು.

"ಲ್ಯಾಬಿನಲ್ಲಿ ಬಣ್ಣ ಬಂದ್ರೆ ನಿಲ್ಲಿಸ್ಬೇಕು ಮಾರಾಯ್ತಿ. ಇವನಿಗೆ ಏನಾದ್ರೂ ಆದ್ರೆ?" ಎಂದು ಅಷ್ಟನ್ನೂ ಸಿಂಕಿಗೆ ಸುರಿದರು. ಸುರಿದು, ನಲ್ಲಿ ಬಿಟ್ಟು, ಅಲ್ಲೇ ನಿಂತು ಅತ್ತರು. ಒಂದು ಪೊಟ್ಟಣಕ್ಕೆ ಇಷ್ಟು ಅಳುವುದೇ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಬರೀ ನೀರು ಕುದಿಸಿ, ಆರಿಸಿ, ಇನ್ನೊಂದು ಪೊಟ್ಟಣ ಒಡೆದು ಸುಜನ್‌ಗೆ ಕುಡಿಸಿದ ಮೇಲೆ ಸ್ಪೀಕರ್ ಹಾಕಿ ಮಗಳಿಗೆ ಫೋನ್ ಮಾಡಿದರು.

"ಒಂದು ಪೊಟ್ಟಣ ಹಾಳು ಮಾಡಿದೆ ಮಗಾ. ಮೇರಿದು ತಪ್ಪಿಲ್ಲ, ನಾನೇ ಸರಿ ಹೇಳ್ಲಿಲ್ಲ."

"ಒಂದೇ ಅಲ್ವಾ ಅಮ್ಮಾ? ಅದಕ್ಕೆ ಎಂತಕ್ಕೆ ಅಳುದು?"

"ನೀನು ಇಷ್ಟು ಸಣ್ಣ ಇರುವಾಗ ನಂಗೆ ಶಿಫ್ಟ್ ಇತ್ತಲ್ಲಾ," ಎಂದರು ಭವಾನಿಯಕ್ಕ. "ನಿನ್ನ ಹಾಲನ್ನು ದಿನಾ ಲ್ಯಾಬಿನ ಸಿಂಕಿಗೆ ಹಿಂಡಿ, ನಲ್ಲಿ ಬಿಡ್ತಿದ್ದೆ."