ಹೊಸಿಲು ದಾಟಿದ ಶೂ

ನಮ್ಮ ಮನೆಯಲ್ಲಿ ಚಪ್ಪಲಿ ಹೊಸಿಲು ದಾಟುವುದಿಲ್ಲ. ಇದು ನನ್ನ ಅತ್ತೆ ಮಾಡಿಟ್ಟುಹೋದ ಕಾನೂನು. ಅವರು ತೀರಿಕೊಂಡ ಮೇಲೆ ಅದನ್ನು ಅವರಿಗಿಂತ ಬಿಗಿಯಾಗಿ ನಡೆಸಿಕೊಂಡು ಬಂದವಳು ನಾನು. ಗವಿಪುರಂನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ನಲ್ಲಿ ರಿಪೇರಿಗೆ ಬಂದವರು, ಇಂಟರ್ನೆಟ್ ವೈರು ಎಳೆಯಲು ಬಂದವರು, ಮದುವೆ ಕಾರ್ಡು ಕೊಡಲು ಬಂದ ಲಾಯರು, ಯಾರೇ ಆಗಲಿ ಜಗುಲಿಯಲ್ಲಿ ಶೂ ಬಿಚ್ಚಿಯೇ ಒಳಗೆ ಬರಬೇಕು. ಆ ಲಾಯರ ಸಾಕ್ಸಿನಲ್ಲಿ ಹೆಬ್ಬೆರಳು ಹೊರಗೆ ಇಣುಕುವಷ್ಟು ತೂತಿತ್ತು. ನನಗೆ ನಗು ಬಂತೇ ಹೊರತು ಮನಸ್ಸು ಕರಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು, ಸುಲಭಕ್ಕೆ ಕರಗುವ ಪೈಕಿ ಅಲ್ಲ.

ಇಂಥ ಮನೆಗೆ ಶೂ ಹಾಕಿಕೊಂಡೇ ಒಳಗೆ ಬಂದವಳು ನನ್ನ ಮೊಮ್ಮಗಳು. ಆಗ ಅವಳಿಗೆ ಮೂರು ತಿಂಗಳು.

ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಅಳಿಯನದು ಊರೂರು ಸುತ್ತುವ ಕೆಲಸ, ಹಾಗಾಗಿ ಮಗು ಸ್ವಲ್ಪ ದೊಡ್ಡದಾಗುವ ತನಕ ಇಲ್ಲೇ ಇರುವುದೆಂದು ಮಾತಾಗಿತ್ತು. ಹುಟ್ಟಿದಾಗಲೇ ಮಗುವಿನ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು. ಅಂಗಾಲು ಎಡಗಾಲನ್ನು ನೋಡುತ್ತಿತ್ತು. ಮಲ್ಲೇಶ್ವರದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, “ಗ್ರಹಣದ ದಿನ ನಿನ್ನ ಮಗಳು ಹೊರಗೆ ಓಡಾಡಿರ್ತಾಳೆ ನೋಡು” ಅಂದಳು. “ಆವತ್ತು ಬೆಂಗಳೂರಲ್ಲಿ ಸಾವಿರಾರು ಬಸುರಿಯರು ಓಡಾಡಿದಾರೆ ಅಕ್ಕ. ಅಷ್ಟೂ ಮಕ್ಕಳ ಕಾಲು ನೋಡ್ಕೊಂಡು ಬಂದು ಆಮೇಲೆ ಹೇಳು” ಎಂದು ಫೋನಿಟ್ಟೆ. ಅಕ್ಕನ ಬಾಯಿ ಮುಚ್ಚಿಸಿದೆನೇನೋ ನಿಜ, ಆದರೆ ದಿನಕ್ಕೆ ಹತ್ತು ಸಲ ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ನೇರ ಮಾಡಿ ನೋಡುತ್ತಿದ್ದವಳೂ ನಾನೇ.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಸಾವಧಾನವಾಗಿ ವಿವರಿಸಿದರು. ವಾರಕ್ಕೊಂದು ಪ್ಲಾಸ್ಟರ್ ಹಾಕಿ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬರುವುದು, ಕೊನೆಗೆ ಹಿಮ್ಮಡಿಯ ನರಕ್ಕೆ ಒಂದು ಚಿಕ್ಕ ಕೊಯ್ತ. ಅದೆಲ್ಲ ಹೇಳಿದಂತೆಯೇ ಮುಗಿಯಿತು, ಪಾದ ನೇರವಾಯಿತು. ಕೊನೆಯ ಪ್ಲಾಸ್ಟರ್ ತೆಗೆದ ದಿನ ಅವರು ಶೂ ಹೊರತೆಗೆದರು. ಎರಡು ಪುಟ್ಟ ಬಿಳಿ ಶೂಗಳು, ಬೆರಳ ಕಡೆ ತೆರೆದಿದ್ದವು, ಎರಡನ್ನೂ ಸೇರಿಸಿ ನಡುವೆ ಒಂದು ಕಂಬಿ. “ಪ್ಲಾಸ್ಟರ್ ಪಾದಾನ ನೇರ ಮಾಡ್ತು ಅಷ್ಟೆ. ಅದು ನೇರವಾಗೇ ಉಳಿಯೋದು ಇದ್ರಿಂದ. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ತಮೂರು ಗಂಟೆ ಕಾಲಲ್ಲೇ ಇರಬೇಕು. ಆಮೇಲೆ ನಾಲ್ಕು ವರ್ಷದ ತನಕ ಮಲಗೋವಾಗ ಮಾತ್ರ. ತಪ್ಪಿದ್ರೆ ಪಾದ ಮತ್ತೆ ಒಳಕ್ಕೆ ತಿರುಗುತ್ತೆ” ಅಂದರು. ಶೂ ಹಾಕಿದ ಮೇಲೆ ಮಗುವಿನ ಎರಡೂ ಪಾದ ಹೊರಕ್ಕೆ ತಿರುಗಿ, ಭರತನಾಟ್ಯದ ಅರೆಮಂಡಿಗೆ ನಿಂತವಳ ಹಾಗೆ ಕಂಡಳು.

ಮನೆಗೆ ಬಂದಾಗ ನಾನು ಹೊಸಿಲ ಹತ್ತಿರ ಒಂದು ಗಳಿಗೆ ನಿಂತೆ. ಮಗಳಿಗೆ ಅರ್ಥವಾಯಿತು. “ನೆಲಾನೇ ಮುಟ್ಟದ ಶೂ ಅಮ್ಮ ಇದು” ಎಂದು ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ಮೊದಲ ಮೂರು ದಿನ ಮನೆ ರಣರಂಗ. ಮಗು ಒಂದು ಕಾಲು ಒದ್ದರೆ ಇನ್ನೊಂದು ಕಾಲೂ ಅದರ ಜೊತೆ ಎಳೆದುಕೊಂಡು ಹೋಗುತ್ತಿತ್ತು. ತನ್ನ ಕಾಲು ತನ್ನ ಮಾತು ಕೇಳುತ್ತಿಲ್ಲವೆಂದು ಅವಳಿಗೆ ಕೆಂಡದಂಥ ಕೋಪ. ಈ ಗುಣ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ಉಪಾಯ ಹೊಳೆದದ್ದು ನಮ್ಮ ಯಜಮಾನರಿಗೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲು ನರೆಸಿಕೊಂಡವರು ಅವರು. ಕಂಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಒಳ್ಳೆ ಕೆಲಸ ಕಣೆ, ಒಂದು ಕಡೆನೂ ಚೂಪಿಲ್ಲ” ಎಂದು ಮೆಚ್ಚಿಕೊಂಡರು. ತಮ್ಮ ಹಳೆಯ ಪಂಚೆಯ ಅಂಚು ಹರಿದು ಕಂಬಿಗೆ ಸುತ್ತಿದರು. ಆಮೇಲೆ ಅದರ ನಡುವೆ ಹಿಡಿದು ಎರಡೂ ಕಾಲನ್ನು ಬಾವಿಯ ಏತದ ಹಾಗೆ ಒಟ್ಟಿಗೆ ಮೇಲೆತ್ತಿ ಕೆಳಗಿಳಿಸುತ್ತಾ, “ಏತಕ್ಕೆ ಏತ, ಎತ್ತಮ್ಮ ಎತ್ತು” ಎಂದು ತಾವೇ ಕಟ್ಟಿದ ಹಾಡನ್ನು ಅಪಸ್ವರದಲ್ಲಿ ಹಾಡಿದರು. ಮಗುವಿನ ಅಳು ಅರ್ಧಕ್ಕೇ ನಿಂತಿತು. ಒಂದು ಕಾಲಲ್ಲ, ಎರಡೂ ಕಾಲು ಸೇರಿಸಿ ಒದೆಯಬೇಕು ಎನ್ನುವ ಗುಟ್ಟು ವಾರದೊಳಗೆ ಅವಳಿಗೆ ತಿಳಿದುಹೋಯಿತು. ಅಲ್ಲಿಂದ ಮುಂದೆ ನಮ್ಮ ಪಾಡು ಕೇಳಬೇಡಿ. ಎರಡೂ ಕಾಲೆತ್ತಿ ಚಾಪೆಯ ಮೇಲೆ ದಬ್ ಎಂದು ಕುಟ್ಟುವಳು. ತಾತ ಹರಡಿಕೊಂಡ ಪೇಪರು ಒಂದೇ ಏಟಿಗೆ ಎರಡು ಹೋಳು.

ದಿನದಲ್ಲಿ ಬಿಡುವಿರುವ ಒಂದು ಗಂಟೆ ಎಣ್ಣೆನೀರಿಗೆ ಮೀಸಲು. ಅದು ನನ್ನ ಕೆಲಸ. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಮುಗಿಸುವಷ್ಟರಲ್ಲಿ ಗಂಟೆ ಆಗಿಹೋಗುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಮಗುವನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಕೈ ಮುಗಿಸುವುದು ನಮ್ಮ ಪದ್ಧತಿ. ಶೂ ಹಾಕಿದ ಕಾಲನ್ನು ದೇವರ ಕಡೆ ಚಾಚಿಸಲು ನನಗೆ ಮನಸ್ಸು ಬರಲಿಲ್ಲ. ಆ ಹೊತ್ತಿನಲ್ಲಿ ಮಗಳು ಸ್ನಾನಕ್ಕೆ ಹೋಗಿರುತ್ತಿದ್ದಳು. ಹತ್ತು ನಿಮಿಷ ತಾನೇ ಎಂದು ಬಿಚ್ಚಿದೆ. ಯಜಮಾನರು ಪೇಪರಿನ ಮರೆಯಿಂದ, “ಅವಳಿಗೆ ಹೇಳಿದೀಯಾ?” ಅಂದರು. “ನೀವು ಪೇಪರ್ ಓದಿ” ಅಂದೆ. ಆಮೇಲೆ ಮಗು ನೋಡಲು ಜನ ಬರುವವರು. ಕಂಬಿ ಕಂಡ ಕೂಡಲೇ ಅವರ ಬಾಯಿಂದ “ಅಯ್ಯೋ ಪಾಪ” ಹೊರಡುತ್ತದೆ ಎಂದು ನನಗೆ ಗೊತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅದು ಸಹಿಸಲಾಗದ ಮಾತು. ಗೇಟಿನ ಸದ್ದಾದರೆ, ಒಳಕೋಣೆಯಲ್ಲಿರುತ್ತಿದ್ದ ಮಗಳ ಕಣ್ಣು ತಪ್ಪಿಸಿ ಶೂ ಬಿಚ್ಚಿ ದಿಂಬಿನ ಕೆಳಗೆ ಅಡಗಿಸಿಡುತ್ತಿದ್ದೆ. ಬಂದವರು ಕಾಫಿ ಕುಡಿದು, ಅವರ ಸೊಸೆಯರ ವಿಷಯ ಮುಗಿಸಿ ಏಳುವಾಗ ಮುಕ್ಕಾಲು ಗಂಟೆ. ಮಗಳು ಮಧ್ಯಾಹ್ನ ಮಲಗಿದಾಗ, ಮಗು ಬರಿಗಾಲಲ್ಲಿ ಖುಷಿಯಾಗಿ ಒದೆಯುವುದನ್ನು ನೋಡಲು ಇನ್ನೊಂದೂವರೆ ಗಂಟೆ. ಎಣ್ಣೆನೀರಿನ ಗಂಟೆಯನ್ನೂ ಕೂಡಿದರೆ ದಿನಕ್ಕೆ ಮೂರೂವರೆ ನಾಲ್ಕು ಗಂಟೆ. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವಳು ಈ ಒಂದು ಲೆಕ್ಕವನ್ನು ಕೂಡಿಸಲಿಲ್ಲ.

ತಿಂಗಳಾದ ಮೇಲೆ ತೋರಿಸಲು ಹೋದೆವು. ಡಾಕ್ಟರು ಪಾದವನ್ನು ಮೇಲಕ್ಕೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಶೂ ಹಾಕಿ, ಹಿಂಬದಿಯಲ್ಲಿ ಹಿಮ್ಮಡಿ ಕಾಣಲೆಂದೇ ಇಟ್ಟಿದ್ದ ತೂತಿನಲ್ಲಿ ಇಣುಕಿದರು. ಹಿಮ್ಮಡಿ ಕೆಳಗೆ ಕೂರದೆ ಮೇಲೆದ್ದಿತ್ತು. “ಎಷ್ಟು ಗಂಟೆ ಹಾಕ್ತಿದೀರಿ?” ಅಂದರು. “ಇಪ್ಪತ್ತಮೂರು ಡಾಕ್ಟರ್. ಒಂದು ದಿನಾನೂ ತಪ್ಪಿಸಿಲ್ಲ” ಅಂದಳು ಮಗಳು. ಅವಳ ದನಿಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದೆ. ಡಾಕ್ಟರು ಹುಬ್ಬು ಗಂಟಿಕ್ಕಿ, “ಹಾಗಾದ್ರೆ ಶೂನಲ್ಲೇ ಏನೋ ದೋಷ ಇದೆ. ಮಾಡಿದವರನ್ನ ಕರೆಸಿ ಕೇಳ್ತೀನಿ” ಎಂದು ಫೋನ್ ಕೈಗೆತ್ತಿಕೊಂಡರು.

“ಶೂ ಸರಿಯಾಗೇ ಇದೆ ಡಾಕ್ಟರ್” ಅಂದೆ. “ತೆಗೀತಿದ್ದದ್ದು ನಾನು.”

ಎಷ್ಟು ಹೊತ್ತು, ಯಾವಾಗ, ಏಕೆ ಎಂದು ಒಂದೊಂದಾಗಿ ಹೇಳಿದೆ. ಡಾಕ್ಟರು ಬೈಯಲಿಲ್ಲ. “ಈಗಲೇ ಹೇಳಿದ್ದು ಒಳ್ಳೇದಾಯ್ತು ಅಮ್ಮ. ಇನ್ನೆರಡು ಪ್ಲಾಸ್ಟರಲ್ಲಿ ಸರಿಹೋಗುತ್ತೆ. ಇನ್ನೂ ತಡವಾಗಿದ್ರೆ ಕಷ್ಟ ಇತ್ತು” ಅಂದರು. ಪ್ಲಾಸ್ಟರಿನ ಒದ್ದೆ ಪಟ್ಟಿ ಸುತ್ತುವಾಗ ಮಗು ಕಿರುಚಿದ್ದನ್ನು ಕೇಳಿಕೊಂಡು ನಿಂತೆ. ಅದಕ್ಕಿಂತ ದೊಡ್ಡ ಬೈಗುಳ ನನಗೆ ಬೇಕಿರಲಿಲ್ಲ.

ಆಟೋ ಬುಲ್ ಟೆಂಪಲ್ ರಸ್ತೆಗೆ ತಿರುಗಿತು. ಮಗಳು ಹೊರಗೆ ನೋಡಿಕೊಂಡೇ, “ಇನ್ಮೇಲೆ ಅವಳ ಶೂ ನೀನು ಮುಟ್ಟಬೇಡಮ್ಮ. ನಾನೇ ನೋಡ್ಕೋತೀನಿ” ಅಂದಳು. “ಆಫೀಸು?” ಅಂದೆ. “ರಜ ಮುಂದುವರಿಸ್ತೀನಿ. ಆಗ್ಲಿಲ್ಲ ಅಂದ್ರೆ ಬಿಡ್ತೀನಿ. ಯಾರನ್ನ ನಂಬಿ ಬಿಟ್ಟು ಹೋಗ್ಲಿ?” ಅಂದಳು. ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲಿ ಕೂತು ಓದಿಸಿದವಳೇ ನಾನು.

ಎರಡು ವಾರ ಕಳೆದು ಪ್ಲಾಸ್ಟರ್ ಬಿಚ್ಚಿ, ಇಪ್ಪತ್ತಮೂರು ಗಂಟೆಯ ಲೆಕ್ಕ ಮತ್ತೆ ಮೊದಲಿಂದ ಶುರುವಾಯಿತು. ಎಣ್ಣೆನೀರು ನನ್ನ ಪಾಲಿಗೇ ಉಳಿಯಿತು, ಶೂ ಮಗಳ ಪಾಲಿಗೆ ಹೋಯಿತು. ಅವಳು ಹಾಕುವಾಗ ನಾನು ಹಿಂದಿನ ಬೆಂಚಿನ ವಿದ್ಯಾರ್ಥಿಯ ಹಾಗೆ ದೂರದಲ್ಲಿ ಕೂತು ನೋಡುತ್ತಿದ್ದೆ. ಎಣ್ಣೆಯ ಜಿಡ್ಡು ಪೂರ್ತಿ ಒರೆಸಬೇಕು. ಸಾಕ್ಸಿನಲ್ಲಿ ಒಂದು ನಿರಿಗೆಯೂ ಇರಬಾರದು. ಮೊದಲು ನಡುವಿನ ಪಟ್ಟಿ ಬಿಗಿಯಬೇಕು, ಹಿಮ್ಮಡಿ ಕೂತಿದೆಯೇ ನೋಡಬೇಕು, ಆಮೇಲೆ ಉಳಿದವು. ತಿಂಗಳ ಮೇಲೆ ಒಂದು ದಿನ ಅವಳಿಗೆ ಜ್ವರ ಬಂತು, ಏಳಲಾಗಲಿಲ್ಲ. “ಅಮ್ಮ, ನೀನೇ ಹಾಕು. ನಾನು ನೋಡ್ತಿರ್ತೀನಿ” ಅಂದಳು. ಒಂದೇ ಪಟ್ಟಿಯನ್ನು ಎರಡು ಸಲ ಬಿಚ್ಚಿ ಬಿಗಿದೆ. ಇನ್‌ಸ್ಪೆಕ್ಟರು ತರಗತಿಗೆ ಬಂದು ಕೂತಾಗಲೂ ಬೋರ್ಡಿನ ಮೇಲೆ ಒಂದಂಕಿ ಅಳಿಸಿ ಬರೆಯದ ಕೈ ಅದು. ಹಾಕಿ ಮುಗಿಸಿದ ಮೇಲೆ ಮಗಳು ಮಲಗಿದಲ್ಲಿಂದಲೇ ತೂತಿನೊಳಗೆ ಇಣುಕಿ, “ಸರಿಯಿದೆ” ಎಂದಳು. ಮಗು ಎರಡೂ ಕಾಲೆತ್ತಿ ನನ್ನ ಮೊಣಕೈಗೆ ಸರಿಯಾಗಿ ಬಿಟ್ಟಿತು.

ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಕೆ.ಆರ್. ಮಾರ್ಕೆಟ್ಟಿನಿಂದ ಸೇವಂತಿಗೆ ತಂದು, ಕಲಶಕ್ಕೆ ಸೀರೆ ಉಡಿಸಿ ಕೂರಿಸಿದ್ದೆವು. ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಆರತಿ ಹೊತ್ತಿಗೆ ಅಕ್ಕ, “ಮಗೂನ ಲಕ್ಷ್ಮಿ ಮುಂದೆ ಕೂರಿಸೇ. ಆ ಶೂ ಬಿಚ್ಚು ಮೊದಲು. ಐದು ನಿಮಿಷಕ್ಕೆ ಏನೂ ಆಗಲ್ಲ” ಅಂದಳು. ಕೋಸಂಬರಿ ಹಂಚುತ್ತಿದ್ದ ಮಗಳ ಕೈ ನಿಂತಿತು. ಅವಳು ನನ್ನತ್ತ ನೋಡಲಿಲ್ಲ, ಆದರೆ ಕಿವಿ ಇತ್ತಲೇ ಇತ್ತು.

“ಬಿಚ್ಚಲ್ಲ ಅಕ್ಕ” ಅಂದೆ. “ಹುಟ್ಟುವಾಗ ಇವಳ ಪಾದ ಸೊಟ್ಟ ಇತ್ತು. ಈಗ ನೇರ ಆಗಿದೆ. ನೇರವಾಗೇ ಇರಲಿ ಅಂತ ಈ ಶೂ. ಒಂದ್ಸಲ ನಾನು ಬಿಚ್ಚಿ ಬಿಚ್ಚಿ ಕೆಡಿಸಿದ್ದೂ ಆಗಿದೆ.” ಇಷ್ಟನ್ನೂ ಬೀದಿಯ ಅಷ್ಟು ಜನರೆದುರು ಹೇಳಿದೆ. ಒಬ್ಬರು “ಅಯ್ಯೋ ಪಾಪ” ಅಂದರು ಕೂಡ. ಅಂದರೆ ಅನ್ನಲಿ ಅನ್ನಿಸಿತು. ಮಗುವನ್ನು ಎತ್ತಿಕೊಂಡು ಹೋಗಿ ಕಲಶದ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡೆ. ದೀಪ ಕಂಡ ಸಂತೋಷಕ್ಕೆ ಅವಳು ಎರಡೂ ಕಾಲೆತ್ತಿ ಒದ್ದಳು. ಕುಂಕುಮದ ಬಟ್ಟಲು ಮಗುಚಿ ಬಿಳಿ ಶೂ ಎರಡೂ ಕೆಂಪಾದವು. ಎಲ್ಲರೂ ಅಕ್ಕನ ಮುಖ ನೋಡಿದರು. ಅಕ್ಕ ಬಟ್ಟಲನ್ನು ನೆಟ್ಟಗೆ ಮಾಡಿ ಇಟ್ಟು, “ಲಕ್ಷ್ಮೀನೇ ಕುಂಕುಮ ಕೊಟ್ಟಾಯ್ತು, ಇನ್ನು ನಂದೇನು” ಎಂದು ತಾನೇ ಮೊದಲು ನಕ್ಕಳು. ಆ ಕಲೆ ತಿಕ್ಕಿ ತೆಗೆಯಲು ಯಜಮಾನರಿಗೆ ಎರಡು ದಿನ ಹಿಡಿಯಿತು.

ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರು ಪಾದ ಒತ್ತಿ ನೋಡಿದರು. ಈ ಸಲ ಒಂದೇ ಸಲ ಒತ್ತಿದರು. “ಚೆನ್ನಾಗಿ ಉಳ್ಕೊಂಡಿದೆ. ಇನ್ಮೇಲೆ ರಾತ್ರಿ, ಮತ್ತೆ ಹಗಲು ಮಲಗೋವಾಗ ಹಾಕಿದ್ರೆ ಸಾಕು. ಆದ್ರೆ ಎಷ್ಟೋ ಮನೆಯವರು ಎಡವೋದು ಇಲ್ಲೇ” ಅಂದರು. ರಾತ್ರಿ ಮಗಳು ಇರುತ್ತಾಳೆ. ಹಗಲಿನ ನಿದ್ದೆಗೆ ಹಾಕಬೇಕಾದವಳು, ಅವಳು ಆಫೀಸಿಗೆ ಹೋದರೆ, ನಾನೇ. ಎರಡು ದಿನ ಬಿಟ್ಟು ಮಗಳು, ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ ಎಂದಳು.

ಸೋಮವಾರ ಬೆಳಿಗ್ಗೆ ಅಪ್ಪನಿಗೆ ಹತ್ತು ಮಾತು ಹೇಳಿದಳು. ರಾಗಿ ಸರಿ ತೆಳ್ಳಗಿರಲಿ, ಬಿಸಿಲಿಗೆ ಕರ್ಕೊಂಡು ಹೋಗಬೇಡಿ, ಪೇಪರ್ ತಿನ್ನೋಕೆ ಬಿಡಬೇಡಿ. ನನ್ನ ಸರದಿ ಬರುತ್ತದೆಂದು ಬಾಗಿಲ ಹತ್ತಿರ ಕಾದು ನಿಂತೆ. “ಸಂಜೆ ಬರ್ತೀನಮ್ಮ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ಹನ್ನೊಂದು ಗಂಟೆಗೆ ಮಗು ಕಣ್ಣುಜ್ಜಿತು. ಪಾದ ಒರೆಸಿ, ಸಾಕ್ಸು ಎಳೆದು, ನಡುವಿನ ಪಟ್ಟಿ ಬಿಗಿದು, ತೂತಿನಲ್ಲಿ ಹಿಮ್ಮಡಿ ನೋಡಿ ಮಲಗಿಸಿದೆ. ಮಧ್ಯಾಹ್ನ ಇನ್ನೊಂದು ಸಲ. ಸಂಜೆ ಬಂದ ಮಗಳು ಕೈಕಾಲು ತೊಳೆದು ಮಗುವನ್ನೆತ್ತಿಕೊಂಡಳು. ಏನೇನು ತಿಂದಳು ಎಂದು ಕೇಳಿದಳು, ಎಷ್ಟು ಹೊತ್ತು ಮಲಗಿದಳು ಎಂದು ಕೇಳಿದಳು, ತನಗೊಂದು ಲೋಟ ಕಾಫಿ ಕೇಳಿದಳು. ಶೂ ಹಾಕಿದ್ದೆಯಾ ಎಂದು ಮಾತ್ರ ಕೇಳಲಿಲ್ಲ.