ಪ್ರೆಸ್ಸಿನ ಮುಂದೆ ಒಂದು ‘ಹೂಂ’

ಕಳೆದ ತಿಂಗಳು ಪಾಯಾ ಲೆಬಾರ್‌ನ ಆಫೀಸಿನಲ್ಲಿ ಊಟ ಮಾಡುತ್ತಾ ಒಂದು ವಿಡಿಯೊ ನೋಡುತ್ತಿದ್ದೆ. ಯಾವುದೋ ದೂರದೇಶದ ಗಡ್ಡದವನೊಬ್ಬ ತನ್ನ ಗ್ಯಾರೇಜಿನಲ್ಲಿ, ಹಾರಿಸಿ ಖಾಲಿಯಾದ ಬಂದೂಕಿನ ತೋಟಾಗಳನ್ನು ಮತ್ತೆ ತುಂಬುತ್ತಿದ್ದ. ನಮ್ಮ ಸಿಂಗಪುರದಲ್ಲಿ ಹಾಗೆ ಮಾಡಿದರೆ ಜೈಲು. ಅವನ ಮೇಜಿನ ಮೇಲೆ ತೋಟಾ ಒತ್ತುವ ಮೂರು ಬಗೆಯ ಪ್ರೆಸ್ಸುಗಳಿದ್ದವು. ಮೊದಲನೆಯದರಲ್ಲಿ ಹಿಡಿ ಒಮ್ಮೆ ಎಳೆದರೆ ಒಂದೇ ಕೆಲಸ. ಎರಡನೆಯದರ ತಲೆ ತಿರುಗುತ್ತದೆ. ತೋಟಾ ಇದ್ದಲ್ಲೇ ಇರುತ್ತದೆ, ಅಚ್ಚುಗಳು ಸರದಿಯಂತೆ ಅದರ ಮೇಲೆ ಬರುತ್ತವೆ. ಮೂರನೆಯದರಲ್ಲಿ ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟಾ ಡಬ್ಬಿಗೆ ಉದುರುತ್ತದೆ. ಸ್ಟಾಪ್‌ವಾಚ್ ಇಟ್ಟುಕೊಂಡು ಅವನು ಮೂರರ ವೇಗವನ್ನೂ ಅಳೆಯುತ್ತಿದ್ದ. ಬಲಗೈ ಹಿಡಿ ಎಳೆಯುವುದು, ಎಡಗೈ ತೋಟಾದ ಬಾಯಿಗೆ ಗುಂಡು ಇಡುವುದು. ಮೂರನೆಯ ಪ್ರೆಸ್ಸಿನಲ್ಲಿ ಆ ಎಡಗೈ ಒಂದು ಸಲ ತಡವಾಗಿ ಹಿಂದೆ ಬಂತು. ಏನೂ ಆಗಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅನ್ನ ಡಬ್ಬಿಯಲ್ಲೇ ಉಳಿಯಿತು.

ನನ್ನ ಗೆಳೆಯನ ಬಲಗೈಯಲ್ಲಿ ಎರಡು ಬೆರಳಿಲ್ಲ. ಅವು ಹೋದಾಗ ಪ್ರೆಸ್ಸಿನ ಬಟನ್ ಒತ್ತಿದವನು ನಾನು.

ಇಬ್ಬರೂ ಬುಕಿತ್ ಬಾಟೋಕ್‌ನ ಒಂದೇ ಬ್ಲಾಕಿನಲ್ಲಿ ಬೆಳೆದವರು. ನಮ್ಮದು ಬೆಂಗಳೂರಿನ ಮನೆತನ, ಅವನದು ವಿಜಯಪುರದ ಕಡೆಯದು. ಕಡ್ಡಾಯ ಮಿಲಿಟರಿ ಸೇವೆಗೂ ಒಟ್ಟಿಗೇ ಹೋದೆವು. ಅಲ್ಲಿ ಮ್ಯಾಗಜಿನ್‌ಗೆ ಗುಂಡು ತುಂಬುವುದು ಹೆಬ್ಬೆರಳಿನ ಕೆಲಸ. ಕೊನೆಯ ಕೆಲವು ಗುಂಡುಗಳ ಹೊತ್ತಿಗೆ ಒಳಗಿನ ಸ್ಪ್ರಿಂಗು ಎಷ್ಟು ಬಿಗಿಯಾಗುತ್ತದೆಂದರೆ ಉಗುರಿನ ಬುಡದಲ್ಲಿ ರಕ್ತ ಬರುತ್ತದೆ. ನನ್ನದು ತುಂಬುವಷ್ಟರಲ್ಲಿ ಅವನು ಇನ್ನೊಂದನ್ನೂ ಅರ್ಧ ತುಂಬಿರುತ್ತಿದ್ದ. “ನಿನಗೋಸ್ಕರ ಶತ್ರು ವೇಯ್ಟ್ ಮಾಡ್ತಾನೆ, ಡೋಂಟ್ ವರಿ ಲಾ,” ಅನ್ನುತ್ತಿದ್ದ.

ಸೇವೆ ಮುಗಿದು ವಿಶ್ವವಿದ್ಯಾಲಯ ಶುರುವಾಗುವ ನಡುವಿನ ತಿಂಗಳುಗಳಲ್ಲಿ ಉಬಿ ಬಡಾವಣೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆವು. ಹಿತ್ತಾಳೆಯ ಬಿಲ್ಲೆಗಳನ್ನು ಒತ್ತಿ, ದೀಪದ ಹೋಲ್ಡರಿಗೆ ಬೇಕಾದ ಪುಟ್ಟ ಬಟ್ಟಲು ಮಾಡುವುದು ಅಲ್ಲಿನ ಕೆಲಸ. ನೋಡಲು ಥೇಟ್ ತೋಟಾದ ಬುಡದಂತೆ. ನಾವಿಬ್ಬರೂ ಅವನ್ನು ಗುಂಡು ಎಂದೇ ಕರೆಯುತ್ತಿದ್ದೆವು. ಅಲ್ಲೂ ಮೂರು ಬಗೆಯ ಪ್ರೆಸ್ಸು: ಕೈಯಿಂದ ತಿರುಗಿಸುವುದು, ಕಾಲಿನಿಂದ ತುಳಿಯುವುದು, ಕರೆಂಟಿನದು. ಕೈಯದರಲ್ಲಿ ಒಂದು ಟ್ರೇ ತುಂಬುವಷ್ಟರಲ್ಲಿ ಕಾಲಿನದರಲ್ಲಿ ಮೂರು ತುಂಬುತ್ತಿದ್ದವು. ಕರೆಂಟಿನದರ ವೇಗ ಬಿಲ್ಲೆ ಇಡುವವನ ಬೆರಳಿನ ವೇಗ, ಅಷ್ಟೇ.

ಅದಕ್ಕೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರಲು ಸಾಧ್ಯವಿಲ್ಲ ಎಂಬ ಲೆಕ್ಕ. ಗೆಳೆಯ ಎರಡನೇ ವಾರವೇ ಒಂದು ಬಟನ್ನಿಗೆ ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿ ಅದನ್ನು ಒತ್ತಿಯೇ ಇರುವಂತೆ ಮಾಡಿದ. ಆಮೇಲೆ ಅವನು ಬಿಲ್ಲೆ ಇಡುವುದು, ಕೈ ಹಿಂದೆಗೆದು “ಹೂಂ” ಅನ್ನುವುದು, ನಾನು ಉಳಿದ ಬಟನ್ ಒತ್ತುವುದು. ಬಿಲ್ಲೆ ಸೊಟ್ಟಗೆ ಕೂತರೆ “ಊಹೂಂ” ಅನ್ನುತ್ತಿದ್ದ, ನಾನು ಕಾಯುತ್ತಿದ್ದೆ. ಮಾಲೀಕ ಕಡ್ಡಿ ನೋಡಿಯೂ ನೋಡದಂತೆ ಹೋದ. ಟ್ರೇಗಳು ತುಂಬುತ್ತಿದ್ದವು.

ಆ ದಿನ ಬೆಳಿಗ್ಗೆ ನಾನು ಒಂದಿಡೀ ಟ್ರೇ ಕೆಡವಿ ಬಿಲ್ಲೆಗಳನ್ನು ಹಾಳು ಮಾಡಿದ್ದೆ. ಬೈಸಿಕೊಂಡವನು ಅವನು. ಮಾಲೀಕ ಅತ್ತ ಹೋದದ್ದೇ ತಡ, ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿ, ಬಾಯಿಗೆ ಗುದ್ದಿದ. “ಕೈಯಲ್ಲಿ ಏನೋ ಇದೆ ನಿನಗೆ? ಬೆಣ್ಣೇನಾ?” ತುಟಿ ಒಡೆಯಿತು. ಇಬ್ಬರೂ ಪ್ರೆಸ್ಸಿಗೆ ಬಂದೆವು. ಗುರುವಾರದ ಒಳಗೆ ಸರಕು ಹೋಗಬೇಕಿತ್ತು. ನಾನು ರಕ್ತ ನುಂಗುತ್ತಾ ಬಟನ್ ಒತ್ತುತ್ತಿದ್ದೆ. ಇಬ್ಬರ ಕಿವಿಯಲ್ಲೂ ಸದ್ದು ತಡೆಯುವ ಬಿರಡೆ. ಅವನು ಎಷ್ಟು ಬೇಗ ಇಟ್ಟರೂ ನನಗೆ ಇನ್ನೂ ಬೇಗ ಬೇಕಿತ್ತು.

ಆಮೇಲಿನದು ಹೀಗೆ: ಅವನ ಕೈ, ಒಂದು “ಹೂಂ”, ನನ್ನ ಹೆಬ್ಬೆರಳು. ಅಚ್ಚು ಮೇಲೆದ್ದಾಗ ಹಿತ್ತಾಳೆಯ ಬಟ್ಟಲು ಕೆಂಪಾಗಿತ್ತು. ಅವನು ಕಿರುಚಲಿಲ್ಲ. ತನ್ನ ಕೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡಿದ. ಬೆರಳುಗಳನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿದವನು ನಾನು. ಬೆಚ್ಚಗಿದ್ದವು.

ಆಸ್ಪತ್ರೆಯಲ್ಲಿ ಅವನ ತಾಯಿ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. “ನೀ ಅಲ್ಲೇ ಇದ್ದಿ ಹೌದಿಲ್ಲೋ? ಏನಂದ ಅಂವಾ?”

“ಹೂಂ ಅಂದ, ಆಂಟಿ.”

ವಿಚಾರಣೆಗೆ ಬಂದ ಅಧಿಕಾರಿಗೂ ಅದನ್ನೇ ಹೇಳಿದೆ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ.

ಮುಂದೆ ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಮನಶ್ಶಾಸ್ತ್ರ. ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಮಾಡಿಕೊಳ್ಳುವಂಥದ್ದು ಎಂದು ಅಲ್ಲಿ ಕಲಿತೆ. ಅಂದಿನಿಂದ ಆ “ಹೂಂ” ಮೇಲೆ ನಂಬಿಕೆ ಹೋಯಿತು. ಅವನು ಅಂದದ್ದು “ಊಹೂಂ” ಆಗಿದ್ದರೆ? ಮೊದಲಿನ ಊಕಾರವನ್ನು ಯಂತ್ರದ ಸದ್ದು ನುಂಗಿದ್ದರೆ ನಾನು ನಿರಪರಾಧಿ. ನುಂಗದೆ, ಕೇಳಿಸಿಯೂ ಒತ್ತಿದ್ದರೆ? ಒಡೆದ ತುಟಿಯ ರುಚಿ ಮಾತ್ರ ಪ್ರತಿ ಸಲವೂ ಬದಲಾಗದೆ ಬರುತ್ತದೆ.

ಹನ್ನೊಂದು ವರ್ಷ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ವಿಡಿಯೊ ನೋಡಿದ ವಾರದ ಶನಿವಾರ, ನಮ್ಮ ಬ್ಲಾಕಿನ ಕೆಳಗಿನ ಕಾಫಿ ಶಾಪಿಗೆ ಅವನನ್ನು ಕರೆದು ಕೇಳಿಬಿಟ್ಟೆ.

“ಆವತ್ತು ನೀನು ಅಂದಿದ್ದು ಹೂಂ ಅಂತಾನಾ, ಊಹೂಂ ಅಂತಾನಾ?”

ಅವನು ಎಡಗೈಯಲ್ಲಿ ಕಾಫಿ ಕಲಕುತ್ತಿದ್ದ. ಚಮಚ ನಿಲ್ಲಿಸಲಿಲ್ಲ. “ಇಷ್ಟು ದಿನ ಆದ್ಮೇಲೆ ಸರ್ವೇ ಮಾಡ್ತಿದ್ದೀಯಾ, ಪ್ರೊಫೆಸರ್?”

“ನನಗೆ ಗೊತ್ತಾಗಬೇಕು.”

“ನಿನಗೆ ಗೊತ್ತಾಗೋಕೆ ನನ್ನ ಬೆರಳು ಸಾಕಾಗಲಿಲ್ವಾ?” ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. “ಕೈ ಇಡು.”

“ಎಲ್ಲಿ?”

“ಟೇಬಲ್ ಮೇಲೆ. ಬಲಗೈ.”

ಇಟ್ಟೆ. ದಪ್ಪ ಪಿಂಗಾಣಿಯ ಖಾಲಿ ಕಪ್ಪನ್ನು ಅವನು ನನ್ನ ಬೆರಳುಗಳ ಮೇಲೆ, ತನ್ನ ಗಲ್ಲದ ಎತ್ತರಕ್ಕೆ ಹಿಡಿದ. “ಹೂಂ ಅಂದ್ರೆ ಹೊಡೀತೀನಿ. ಊಹೂಂ ಅಂದ್ರೆ ಬಿಡ್ತೀನಿ. ಹೇಳು.”

ಪಕ್ಕದ ಮೇಜಿನ ಮುದುಕ ಪತ್ರಿಕೆ ತಗ್ಗಿಸಿ ನೋಡಿದ. ನಾನು ಗೆಳೆಯನ ಮುಖ ನೋಡುತ್ತಿದ್ದೆ. ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಯಾವುದನ್ನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಕಪ್ ಕೈಮೇಲೆ ಇಳಿಯಿತು. ನಡುಬೆರಳಿನ ಉಗುರು ಒಡೆದು ನೋವು ಮೊಣಕೈವರೆಗೆ ಹೊಡೆಯಿತು. ಕೂಗಿದೆನೇನೋ, ಅಂಗಡಿಯ ಆಂಟಿ ತಿರುಗಿದರು.

“ನಾನೇನೂ ಹೇಳಿರಲಿಲ್ಲ,” ಅಂದೆ.

“ನಾನೂ ಹೇಳಿರಲಿಲ್ಲ,” ಅಂದ. “ಆವತ್ತು ಬಿಲ್ಲೆ ಅಚ್ಚಲ್ಲಿ ಸಿಕ್ಕಾಕೊಂಡಿತ್ತು, ಉಗುರಲ್ಲಿ ಎಬ್ಬಿಸ್ತಾ ಇದ್ದೆ. ಹೂಂ ಅಂದಿದ್ದು ನೀನು. ಬೆಳಿಗ್ಗೆಯಿಂದ ಅದನ್ನೇ ಅಂತಿದ್ದೆ. ಹೂಂ, ಹೂಂ, ಬೇಗ, ಅಂತ. ಎತ್ತಿಗೆ ಹೇಳೋ ಹಾಗೆ.”

ಎದ್ದು ಹೋಗಿ, ಮೂರು ಬೆರಳಿನ ಕೈಯಲ್ಲಿ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಮೇಲೆ ಇಟ್ಟು ಒತ್ತಿ ಹಿಡಿದ.

“ವಿಚಾರಣೆಯವರು ಕೇಳಿದಾಗ ಯಾಕೆ ಹೇಳಲಿಲ್ಲ?”

“ಬಟನ್ನಿಗೆ ಸಿಕ್ಸಿದ್ದ ಕಡ್ಡಿ ನಂದಲ್ವಾ.”

ಐಸಿನ ನೀರು ಮೇಜಿನಿಂದ ನನ್ನ ತೊಡೆಗೆ ಇಳಿಯುತ್ತಿತ್ತು. ಕೊನೆಯ ಸಲ ಎಂಬಂತೆ ಕೇಳಿದೆ: “ನೀನು ನಿಜವಾಗ್ಲೂ ಏನೂ ಅನ್ನಲಿಲ್ವಾ?”

“ಊಹೂಂ,” ಅಂದ.

ಈ ಸಲ ಊಕಾರವೂ ಕೇಳಿಸಿತು.