ಬಲಗಡೆಯ ಕಂಬ

ಖೀವಾ ಊರಿನ ಮರದ ಕೆತ್ತನೆಗಾರ ಮತ್ಯಾಕೂಬನಿಗೆ ಏನನ್ನು ಬೇಕಾದರೂ ಸಹಿಸುವ ತಾಳ್ಮೆಯಿತ್ತು, ರೂಜ್ಮತನ ಏಳಿಗೆಯೊಂದನ್ನು ಬಿಟ್ಟು. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಉಳಿ ಹಿಡಿದವರು. ಮತ್ಯಾಕೂಬ ವಯಸ್ಸಿನಲ್ಲಿ ದೊಡ್ಡವನು, ಕೆಲಸದಲ್ಲೂ ಅಚ್ಚುಕಟ್ಟು. ಆದರೆ ಗುರು ಸಾಯುವಾಗ ತನ್ನ ಉಳಿಗಳನ್ನು ಕೊಟ್ಟದ್ದು ರೂಜ್ಮತನಿಗೆ. ಅಂದಿನಿಂದ ರೂಜ್ಮತ ಮಗಳ ಮದುವೆ ಮಾಡಿದರೂ ಸರಿ, ಅವನ ಅಂಗಳದ ಏಪ್ರಿಕಾಟ್ ಮರ ಚೆನ್ನಾಗಿ ಹಣ್ಣು ಬಿಟ್ಟರೂ ಸರಿ, ಇವನ ಹೊಟ್ಟೆಯಲ್ಲಿ ಬೆಂಕಿ.

ತಾಷ್ಕೆಂಟಿನಲ್ಲಿ ಹೊಸ ಮಸೀದಿ ಏಳತೊಡಗಿತು. ಒಳಗೆ ಸಿಮೆಂಟು, ಕಬ್ಬಿಣ. ಹೊರಗೆಲ್ಲ ಬಿಳಿ ಅಮೃತಶಿಲೆ, ಮೇಲೆ ನೀಲಿ ಗುಮ್ಮಟ. ಮುಂದಿನ ಜಗಲಿಗೆ ಮಾತ್ರ ಹಳೆಯ ಕ್ರಮದಂತೆ ಕೆತ್ತಿದ ಮರದ ಕಂಬಗಳೇ ಬೇಕೆಂದು ವಾಸ್ತುಶಿಲ್ಪಿ ಹಟ ಹಿಡಿದಳು. ಖೀವಾದ ಕೆತ್ತನೆಗಾರರಿಗೆ ತಲೆಗೊಂದು ಕಂಬ. ಬಂದವರ ಕಣ್ಣು ಮೊದಲು ಬೀಳುವ, ಬಾಗಿಲ ಬಲಗಡೆಯ ಜಾಗ ರೂಜ್ಮತನ ಪಾಲಾಯಿತು. ಮತ್ಯಾಕೂಬನಿಗೆ ಸಿಕ್ಕಿದ್ದು ಚಪ್ಪಲಿ ಬಿಡುವ ಮೂಲೆ.

“ಬೇಜಾರಾ ಉಸ್ತಾದ್?” ರೂಜ್ಮತ ನಕ್ಕ. “ಮೂಲೇಲಿ ಬಿಸಿಲು ಬೀಳಲ್ಲ, ಮರ ಬಿರಿಯಲ್ಲ. ಅದೃಷ್ಟವಂತ ನೀನು!”

“ನಿನ್ನ ಬಾಯಿಗೂ ಒಂದು ಮೂಲೆ ಸಿಕ್ಕಿದ್ರೆ ನಾನು ಇನ್ನೂ ಅದೃಷ್ಟವಂತ.”

ಕಂಬದ ಬುಡದ ಕಲ್ಲಿಗೆ ಒಂಟೆಯ ಉಣ್ಣೆ ಹಾಸುವುದು ಖೀವಾದ ಪದ್ಧತಿ. ಹಾಸದಿದ್ದರೆ ಕಲ್ಲಿನ ತೇವ ಮರಕ್ಕೇರಿ ಹುಳ ಹಿಡಿಯುತ್ತದೆ. ಹಾಸುವವನು ಕೆಲಸದವರಲ್ಲಿ ಹಿರಿಯ. ಮತ್ಯಾಕೂಬ ಬಿಸ್ಮಿಲ್ಲಾ ಎನ್ನುತ್ತ ಕಲ್ಲಿನಿಂದ ಕಲ್ಲಿಗೆ ಹಾಸಿಕೊಂಡು ಬಂದ. ಬಾಗಿಲ ಬಲಗಡೆ ಬಂದಾಗ ಕೈ ನಿಂತಿತು. ಕೊನೆಗೆ ಕಲ್ಲಿನ ಮೇಲೆ ಉಣ್ಣೆಗೆ ಹೊದಿಸುವ ಬಟ್ಟೆಯನ್ನಷ್ಟೇ ಎಳೆದು, ಉಣ್ಣೆಯನ್ನು ಒಯ್ದು ಚಹಾದ ಒಲೆಗೆ ತುರುಕಿದ. ಉದುರಿ ಹೋಗಲಿ ಅವನ ಕೆತ್ತನೆ, ಎಂದುಕೊಂಡು ಚಹಾ ಕುಡಿದ. ಚಹಾ ಎಂದೂ ಅಷ್ಟು ರುಚಿಸಿರಲಿಲ್ಲ.

ಮರಳಿ ಬಂದು ನೋಡುತ್ತಾನೆ, ಕ್ರೇನು ಬಾಗಿಲ ಬಲಗಡೆ ಇಳಿಸಿ ನಿಲ್ಲಿಸಿರುವುದು ತಾನು ಕೆತ್ತಿದ ದಾಳಿಂಬೆ ಚಿತ್ತಾರದ ಕಂಬವನ್ನು!

“ನಾನೇ ವಾಸ್ತುಶಿಲ್ಪಿ ಅಮ್ಮನಿಗೆ ಹೇಳಿ ಅದಲು ಬದಲು ಮಾಡಿಸ್ದೆ,” ಎಂದ ರೂಜ್ಮತ. “ನಿನ್ನ ದಾಳಿಂಬೆ ಮುಂದೆ ನನ್ನದೇನು, ಬರೀ ಸೌದೆ. ಈಗಲಾದ್ರೂ ಮುಖದ ಗಂಟು ಬಿಚ್ಚು ಮಾರಾಯ!”

ಮತ್ಯಾಕೂಬನ ಮುಖ ಅರಳಿತು. ಮರುಕ್ಷಣವೇ ಬರಿಗಲ್ಲು ನೆನಪಾಯಿತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಮುಚ್ಚಿಕೊಂಡರೆ ತನ್ನ ಕೈಯಾರೆ ಮಾಡಿದ ಕಂಬ ಹೋಗುತ್ತದೆ.

“ಎತ್ರಪ್ಪಾ! ಮೇಲಕ್ಕೆ ಎತ್ರೀ!” ಎಂದು ಕೂಗಿಯೇಬಿಟ್ಟ.

ಕಂಬ ಮೇಲೆದ್ದಿತು. ರೂಜ್ಮತ ಬಟ್ಟೆ ಸರಿಸಿ ಬರಿಗಲ್ಲನ್ನು ನೋಡಿದ. ಸುಟ್ಟ ಉಣ್ಣೆಯ ವಾಸನೆ ಬರುತ್ತಿದ್ದ ಒಲೆಯ ಕಡೆಗೂ ನೋಡಿದ.

“ಬೆಳಗ್ಗೆ ಇದು ನನ್ನ ಕಲ್ಲಾಗಿತ್ತು, ಅಲ್ವಾ?” ಎಂದ.

ರೂಜ್ಮತ ಮೂಲೆಗೆ ಹೋಗಿ, ಈಗ ತನ್ನದಾದ ಕಲ್ಲಿನ ಮೇಲಿದ್ದ ಉಣ್ಣೆಯಲ್ಲಿ ಅರ್ಧ ಹರಿದು ತಂದ. “ತಗೋ, ಹಾಸು. ಹಿರಿಯ ನೀನಲ್ವಾ,” ಎಂದು ಅವನ ಕೈಗೇ ಇಟ್ಟ. ಈ ಸಲ ನಗಲಿಲ್ಲ.

ಈಗಲೂ ಶುಕ್ರವಾರ ಬಂದವರು ಆ ದಾಳಿಂಬೆ ಚಿತ್ತಾರದ ಮೇಲೆ ಕೈಯಾಡಿಸಿ, ಕೆತ್ತಿದವರು ಯಾರೆಂದು ಕೇಳುತ್ತಾರೆ. ಮಸೀದಿಯವರು ಮತ್ಯಾಕೂಬನ ಹೆಸರು ಹೇಳುತ್ತಾರೆ. ತಾಷ್ಕೆಂಟಿಗೆ ಹೋದಾಗ ಅವನು ಮಾತ್ರ ಕಂಬದ ಬುಡವನ್ನಷ್ಟೇ ನೋಡುತ್ತಾನೆ. ಜಾಗ ರೂಜ್ಮತ ಕೊಟ್ಟದ್ದು, ಉಣ್ಣೆಯೂ ರೂಜ್ಮತ ಕೊಟ್ಟದ್ದು. ಒಳ್ಳೆಯತನದಲ್ಲೂ ಅವನೇ ಮುಂದೆ ಹೋಗಿಬಿಟ್ಟನಲ್ಲ ಎಂದು ಮತ್ಯಾಕೂಬನ ಹೊಟ್ಟೆ ಇಂದಿಗೂ ಉರಿಯುತ್ತದೆ.